ನಾಲ್ಕನೆಯ ಗಂಟೆಯ ಗಂಧ

ನಿತ್ಯ ಹಚ್ಚಿಕೊಳ್ಳಲು ಶ್ರೀಗಂಧದ ಸುಗಂಧವೊಂದನ್ನು ಆರಿಸಿಕೊಳ್ಳುವುದಕ್ಕೆ ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಗಂಧದ ಮರ ತಾನಾಗಿ ಬೆಳೆಯುವ ಸೀಮೆಯಲ್ಲಿ ಹುಟ್ಟಿ, ಹಾಸನದಲ್ಲಿ ಮನೆ ಮಾಡಿಕೊಂಡಿರುವವಳಿಗೆ ಅಷ್ಟು ಕಾಲ ಏಕೆ ಬೇಕಾಯಿತೆಂದು ಕೇಳಿದವರೆಲ್ಲ ಆಶ್ಚರ್ಯಪಟ್ಟರು. ಅಂಗಡಿಗಳಲ್ಲಿ ‘ಸ್ಯಾಂಡಲ್’ ಎಂಬ ಹೆಸರು ಹೊತ್ತ ಬಾಟಲಿಗಳಿಗೆ ಕೊರತೆಯಿಲ್ಲ. ಆದರೆ ನಾನು ಬಲ್ಲ ಗಂಧ ಅವುಗಳಲ್ಲಿ ಯಾವುದರೊಳಗಿದೆ, ಇದ್ದರೆ ಹಚ್ಚಿಕೊಂಡ ಎಷ್ಟು ಹೊತ್ತಿಗೆ ಅದು ಮುಂದೆ ಬರುತ್ತದೆ, ಬಂದ ಮೇಲೆ ನನ್ನ ಮೈಯ ಬಿಸಿಗೆ ಹೇಗೆ ನಿಲ್ಲುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಅಂಗಡಿಯ ಕಟ್ಟೆಯ ಮುಂದೆ ಹತ್ತು ನಿಮಿಷ ನಿಂತು ಉತ್ತರ ಪಡೆಯಲು ಆಗುವುದಿಲ್ಲ. ಗಂಧದ ವಿಷಯದಲ್ಲಿ ಮೊದಲ ಗಳಿಗೆಯ ಮಾತನ್ನು ನಂಬಬಾರದು. ಹಚ್ಚಿಕೊಂಡ ನಾಲ್ಕನೆಯ ಗಂಟೆಯಲ್ಲಿ ಮೂಗಿಗೆ ಬರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಹೇಗೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಲ್ಲ ಗಂಧವೆಂದರೆ ನಮ್ಮ ಅಜ್ಜಿ ತೇಯುತ್ತಿದ್ದ ಗಂಧ. ಅರಸೀಕೆರೆ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ದೇವರ ಗೂಡಿನ ಕೆಳಗೆ ನಡುವೆ ತುಸು ತಗ್ಗಾದ ಒಂದು ಸಾಣೆಕಲ್ಲು, ಅದರ ಮೇಲೆ ಗೇಣುದ್ದದ ಒಂದು ಕೊರಡು ಇರುತ್ತಿದ್ದವು. ಒಣಗಿದ ಕೊರಡನ್ನು ಮೂಸಿದರೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಅಜ್ಜಿ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಕೊರಡನ್ನು ಒತ್ತಿ ಸುತ್ತಿಸುತ್ತ ತೇಯ್ದಂತೆ ತೇಯ್ದಂತೆ ನೀರು ಮೊದಲು ಮಬ್ಬಾಗಿ, ಆಮೇಲೆ ಕೆನೆಯ ಬಣ್ಣಕ್ಕೆ ತಿರುಗಿ, ಕಡೆಗೆ ಬೆರಳಿಗೆ ಹತ್ತುವಷ್ಟು ಗಟ್ಟಿಯಾಗುತ್ತಿತ್ತು. ಆಗ ಬರುವ ಕಂಪಿನಲ್ಲಿ ಕಾದು ಆರಿದ ಹಾಲಿನ ಕೆನೆಯ ಮೆದುತನವಿತ್ತು, ಒದ್ದೆ ಕಲ್ಲಿನ ತಂಪಿತ್ತು, ಅವೆರಡರ ಅಡಿಯಲ್ಲಿ ಹಳೆಯ ಮರದ ಒಣ ಕಹಿ ಸ್ವಲ್ಪ ಇತ್ತು. ಅದು ನಡುಮನೆಯವರೆಗೂ ಹಬ್ಬುವ ಪರಿಮಳವಲ್ಲ. ಹಣೆಗಿಡಲು ಅಜ್ಜಿ ಬೆರಳು ತಂದಾಗ, ಅಥವಾ ಬೇಸಿಗೆಯಲ್ಲಿ ಬೆವರುಸಾಲೆ ಎದ್ದ ನಮ್ಮ ಬೆನ್ನಿಗೆ ಅದನ್ನು ಬಳಿದಾಗ, ಆ ಮೈಯ ಹತ್ತಿರ ಇದ್ದವರಿಗೆ ಮಾತ್ರ ಅದು ಸಿಗುತ್ತಿತ್ತು. ಅಜ್ಜಿ ಹೋದ ಮೇಲೆ ಕಲ್ಲು ಅತ್ತೆಯ ಮನೆಗೆ ಹೋಯಿತು, ಕೊರಡು ನನ್ನ ಬಳಿ ಉಳಿಯಿತು. ಗೇಣುದ್ದವಿದ್ದದ್ದು ಈಗ ನಾಲ್ಕು ಬೆರಳಿನಷ್ಟಾಗಿದೆ.

ಮರವನ್ನು ಕಂಡವರಿಗೆ ಅದರ ಪರಿಮಳ ಎಲ್ಲಿದೆಯೆಂಬುದು ಒಂದು ಒಗಟೇ ಸರಿ. ನಮ್ಮ ಹೊಲದ ಬದುವಿನಲ್ಲಿ ಬೇಲಿಯ ಸಾಲಿಗೆ ಸೇರಿಕೊಂಡು ಒಂದು ಗಂಧದ ಮರ ಬೆಳೆದಿತ್ತು. ನಾನು ಆರೇಳು ವರ್ಷದವಳಿದ್ದಾಗ ಅದರ ಎಲೆ ಹಿಸುಕಿ ಮೂಸಿದ್ದೆ, ಕಂದುಗೆಂಪಿನ ಸಣ್ಣ ಹೂವುಗಳನ್ನು ಕಿತ್ತು ಮೂಸಿದ್ದೆ, ತೊಗಟೆಯನ್ನು ಉಗುರಿನಿಂದ ಕೆರೆದು ಮೂಸಿದ್ದೆ; ಎಲ್ಲಿಯೂ ಗಂಧವಿರಲಿಲ್ಲ. ಗಂಧವಿರುವುದು ಕಾಂಡದ ಒಳಗಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿಯ ಮರಕ್ಕೆ ವಾಸನೆಯಿಲ್ಲ. ಚೇಗು ಕಟ್ಟಲು ಆರಂಭವಾಗುವುದಕ್ಕೇ ಹತ್ತು ವರ್ಷದಷ್ಟು ಬೇಕು, ಅದು ಮಾಗಿ ಎಣ್ಣೆಯಿಂದ ತುಂಬಲು ಮತ್ತೆ ಹತ್ತಾರು ವರ್ಷ. ಬೇರಿನಲ್ಲಿಯೇ ಎಣ್ಣೆ ಹೆಚ್ಚಾಗಿರುವುದರಿಂದ ಬಲಿತ ಮರವನ್ನು ಕಡಿಯುವುದಿಲ್ಲ, ಬುಡಸಮೇತ ಅಗೆದು ತೆಗೆಯುತ್ತಾರೆ. ಈ ಮರ ತನ್ನ ಆಹಾರವನ್ನೆಲ್ಲ ತಾನೇ ಗಳಿಸುವುದೂ ಇಲ್ಲ. ಅಕ್ಕಪಕ್ಕದ ಗಿಡಮರಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ನೀರು ಮತ್ತು ಲವಣಗಳನ್ನು ಹೀರುತ್ತದೆ. ಆದ್ದರಿಂದಲೇ ಸಸಿ ನೆಡುವವರು ಪಕ್ಕದಲ್ಲಿ ತೊಗರಿಯನ್ನೋ ಹೊಂಗೆಯನ್ನೋ ಹಾಕುತ್ತಾರೆ. ಅತಿ ಮಳೆಯ ಸಕಲೇಶಪುರದ ಕಡೆಗಿಂತ ಅರಸೀಕೆರೆ, ಕಡೂರು, ತರೀಕೆರೆಗಳ ಒಣ ನೆಲವೇ ಇದಕ್ಕೆ ಒಗ್ಗುತ್ತದೆ.

ನಮ್ಮ ಬದುವಿನ ಮರ ಹೆಚ್ಚು ಕಾಲ ಉಳಿಯಲಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ ಗಂಧವನ್ನು ರಾಜಮರವೆಂದು ಸಾರಿದ ಮೇಲೆ, 2001ರ ಅರಣ್ಯ ಕಾಯಿದೆಯ ತಿದ್ದುಪಡಿಯ ತನಕ, ಯಾರ ಜಮೀನಿನಲ್ಲಿ ಹುಟ್ಟಿದರೂ ಅದು ದೊರೆಯ ಅಥವಾ ಸರ್ಕಾರದ ಸ್ವತ್ತೇ ಆಗಿತ್ತು. ಬೆಳೆದರೆ ತನ್ನದಲ್ಲ, ಕಳುವಾದರೆ ವಿಚಾರಣೆ ತಪ್ಪಿದ್ದಲ್ಲ ಎಂಬ ಭಯಕ್ಕೆ ನಮ್ಮ ಅಜ್ಜ ತಾನಾಗಿ ಹುಟ್ಟಿದ ಸಸಿಗಳನ್ನು ಚಿಕ್ಕದರಲ್ಲೇ ಕಿತ್ತು ಹಾಕುತ್ತಿದ್ದರು. ಹೇಗೋ ಉಳಿದುಕೊಂಡಿದ್ದ ಆ ಒಂದು ಮರವನ್ನು ಯಾರೋ ರಾತ್ರೋರಾತ್ರಿ ಕೊಯ್ದುಕೊಂಡು ಹೋದರು. ಬೆಳಿಗ್ಗೆ ಹೋಗಿ ನೋಡಿದಾಗ ಗರಗಸದ ಹೊಟ್ಟು ಬುಡದ ಸುತ್ತ ಚೆಲ್ಲಿತ್ತು. ಆ ಮರದ ಪರಿಮಳವನ್ನು ನಾನು ಕಂಡದ್ದು ಅಂದು ಮಾತ್ರ.

ಇಷ್ಟೆಲ್ಲ ಹಿನ್ನೆಲೆಯಿದ್ದರೂ ಸುಗಂಧ ಕೊಳ್ಳಲು ಹೊರಟಾಗ ನಾನು ಮಾಡಿದ ಮೊದಲ ತಪ್ಪು, ನನಗೆ ಬೇಕಾದದ್ದು ಯಾವ ಗಂಧವೆಂದು ನನ್ನನ್ನೇ ಕೇಳಿಕೊಳ್ಳದೆ ಹೋದದ್ದು. ಕನ್ನಡಿಗರ ಮೂಗಿನಲ್ಲಿ ಮೂರು ಗಂಧಗಳಿವೆಯೆಂದು ನನಗೀಗ ಅನ್ನಿಸುತ್ತದೆ. ಒಂದು ಕಲ್ಲಿನ ಮೇಲೆ ತೇಯ್ದದ್ದು. ಇನ್ನೊಂದು ಊದುಬತ್ತಿಯದು, ಅದರಲ್ಲಿ ಹೊಗೆಯ ಪಾಲು ದೊಡ್ಡದು, ಗಂಧವಿಲ್ಲದ ಗಂಧದ ಕಡ್ಡಿಗಳೂ ಬೇಕಾದಷ್ಟಿವೆ. ಮೂರನೆಯದು ಮೈಸೂರು ಸ್ಯಾಂಡಲ್ ಸೋಪಿನದು. ನಮ್ಮಲ್ಲಿ ಬಹಳ ಜನ ಶ್ರೀಗಂಧವೆಂದರೆ ಮೊದಲು ನೆನೆಯುವುದು ಬಚ್ಚಲುಮನೆಯ ಆ ಪರಿಮಳವನ್ನೇ. ಆದರೆ ಆ ಸೋಪಿನಲ್ಲಿ ಗಂಧದೆಣ್ಣೆಯ ಜೊತೆಗೆ ಪಚೋಲಿ, ಲಾವಂಚ, ಜೆರೇನಿಯಂ, ಕಿತ್ತಳೆ ಮೊದಲಾದ ಎಣ್ಣೆಗಳೂ ಸೇರಿವೆ. ಮೂಗಿಗೆ ಹೂವಿನಂತೆ ತಟ್ಟುವುದು ಬಹುಮಟ್ಟಿಗೆ ಆ ಕೂಟದ ಗುಣ. ಸೋಪಿನ ಪರಿಮಳವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಶುದ್ಧ ಗಂಧದೆಣ್ಣೆಯ ಶೀಶೆಯನ್ನು ಕೊಟ್ಟರೆ ‘ಇದರಲ್ಲಿ ಏನೂ ಇಲ್ಲವಲ್ಲ’ ಎನ್ನುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಹಾಗೆಯೇ ಅಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ, ಅವರು ಹುಡುಕುತ್ತಿದ್ದ ಗಂಧ ಬೇರೆ. ಸೋಪಿನ ಪರಿಮಳ ಇಷ್ಟವಾದವರು ಹೂವು ಬೆರೆತ ಸುಗಂಧವನ್ನೂ, ಊದುಬತ್ತಿಯದು ಇಷ್ಟವಾದವರು ಧೂಪದ ಅಂಶ ಇರುವುದನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ನನಗೆ ಬೇಕಾಗಿದ್ದದ್ದು ಕಲ್ಲಿನ ಮೇಲಿನದು.

ಹೀಗಾಗಿ ನಾನು ಮೂಗಿಗೆ ಒಂದು ಅಳತೆಗೋಲನ್ನು ಮಾಡಿಕೊಂಡೆ. ಯಾವ ಸ್ಯಾಂಪಲ್ಲನ್ನು ಹಚ್ಚಿಕೊಂಡರೂ ಆ ದಿನ ಸಂಜೆ ಮನೆಯಲ್ಲಿ ಹೊಸ ಸಾಣೆಕಲ್ಲಿನ ಮೇಲೆ ಅಜ್ಜಿಯ ಕೊರಡನ್ನು ಎರಡು ಸುತ್ತು ತೇಯ್ದು ಎಡಗೈಗೆ ಹಚ್ಚಿ, ಬಲಗೈಯ ಸುಗಂಧದೊಂದಿಗೆ ಹೋಲಿಸಿ ನೋಡುತ್ತಿದ್ದೆ. ಅಂಗಡಿಯವರ ವರ್ಣನೆಗಿಂತ, ಬಾಟಲಿಯ ಮೇಲಿನ ಬರಹಕ್ಕಿಂತ ಈ ಎರಡು ಕೈಗಳ ಹೋಲಿಕೆಯಿಂದಲೇ ನನಗೆ ಹೆಚ್ಚು ತಿಳಿಯಿತು.

ಸುಗಂಧದ ಅಂಗಡಿಗೆಂದು ಬೆಂಗಳೂರಿಗೆ ಹೋದದ್ದು ಮಾರ್ಚಿನಲ್ಲಿ. ಮಾರಾಟದ ಹುಡುಗಿ ಬಹಳ ಸೌಜನ್ಯದಿಂದ ಒಂದರ ಹಿಂದೊಂದು ಕಾಗದದ ಪಟ್ಟಿಗಳನ್ನು ನೀಡುತ್ತಾ, ಏಳೆಂಟು ಆದ ಮೇಲೆ ನನ್ನ ಮೂಗು ಸೋತದ್ದನ್ನು ಗಮನಿಸಿ, ‘ಮೇಡಂ, ಇದನ್ನ ಒಂದ್ಸಲ ಮೂಸಿ, ಮೂಗು ಸರಿಹೋಗುತ್ತೆ’ ಎಂದು ಹುರಿದ ಕಾಫಿ ಬೀಜದ ಬಟ್ಟಲನ್ನು ಮುಂದಿಟ್ಟಳು. ಹಾಸನದಿಂದ ಹೋದವಳಿಗೆ ಕಾಫಿಯ ವಾಸನೆ ಮೂಗನ್ನು ಖಾಲಿ ಮಾಡಲಾರದು. ಅದರ ಹಿಂದೆಯೇ ಬೆಳಗಿನ ಅಡುಗೆಮನೆ, ಚಿಕ್ಕಮಗಳೂರಿನ ತಂಗಿಯ ಮನೆಯ ಕಣ, ಒಣಗಲು ಹಾಕಿದ ಚೆರ್ರಿ ಕಾಫಿಯ ಹುಳಿ ಎಲ್ಲವೂ ಬಂದು ಕೂರುತ್ತವೆ. ಕಾಫಿ ಬೀಜ ಮೂಸುವುದರಿಂದ ಬರಿಯ ಗಾಳಿಗಿಂತ ಹೆಚ್ಚಿನ ಪ್ರಯೋಜನವೇನೂ ಕಂಡುಬರಲಿಲ್ಲವೆಂದು ಪ್ರಯೋಗ ಮಾಡಿ ನೋಡಿದವರೂ ಇದ್ದಾರೆ. ಅಂಗಡಿಯಿಂದ ಹೊರಗೆ ಬಂದು ಐದು ನಿಮಿಷ ನಿಲ್ಲುವುದು, ಅದಾಗದಿದ್ದರೆ ಏನೂ ಹಚ್ಚದ ಸ್ವಂತ ತೋಳನ್ನು ಮೂಸುವುದು ನನಗೆ ಹೆಚ್ಚು ಸಹಾಯಕ್ಕೆ ಬಂತು. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಸುಗಂಧಗಳನ್ನು ಮೈಮೇಲೆ ಹಾಕಿಕೊಂಡು ನೋಡಬಾರದೆಂದು ಅಂದೇ ನಿಶ್ಚಯಿಸಿಕೊಂಡೆ.

ಆ ದಿನ ನಾನು ಮೆಚ್ಚಿ ಕೊಂಡುತಂದ ಬಾಟಲಿ ತಪ್ಪಾಯಿತು. ಅಂಗಡಿಯಲ್ಲಿ ಅದರ ಮೊದಲ ಪರಿಮಳ ಏಲಕ್ಕಿ ಮತ್ತು ನಿಂಬೆಸಿಪ್ಪೆಯದಾಗಿದ್ದು, ಅದು ನನ್ನನ್ನು ಸೆಳೆಯಿತು. ಬಸ್ಸು ನೆಲಮಂಗಲ ದಾಟುವಷ್ಟರಲ್ಲಿ ಅವೆರಡೂ ಹಾರಿಹೋಗಿ, ಕುಣಿಗಲ್ಲಿನ ಹೊತ್ತಿಗೆ ಪೆನ್ಸಿಲ್ ಹೆರೆದ ಹೊಟ್ಟಿನಂಥ ಸೀಡರ್ ವಾಸನೆ ಮಾತ್ರ ಉಳಿದು, ಹಾಸನ ತಲುಪುವಾಗ ಒಂದು ಬಗೆಯ ಸಿಹಿಯಾದ ಘಾಟು ತಲೆಗೆ ಏರಿತ್ತು. ಸುಗಂಧದಲ್ಲಿ ಬೇಗ ಆರುವ ಹಗುರ ಕಣಗಳು ಮೊದಲು, ನಿಧಾನವಾಗಿ ಆರುವ ಭಾರದ ಕಣಗಳು ಕಡೆಗೆ ಮೂಗಿಗೆ ಬರುವುದು ಸಹಜ ಕ್ರಮ. ಗಂಧದ ತಿರುಳಾದ ಸ್ಯಾಂಟಲಾಲ್ ಆ ಭಾರದ ಕಣಗಳ ಸಾಲಿಗೆ ಸೇರಿದ್ದು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಆದರೂ ಹಣ ಕೊಡುವಾಗ ಏಲಕ್ಕಿಗೆ ಕೊಟ್ಟೆ, ಗಂಧಕ್ಕೆ ಕೊಡಲಿಲ್ಲ.

ಅನಂತರ ಬಾಟಲಿಗಳನ್ನು ಬಿಟ್ಟು ಒಂದೊಂದು ಮಿಲಿಲೀಟರಿನ ಸ್ಯಾಂಪಲ್ ಶೀಶೆಗಳನ್ನು ತರಿಸಿ, ಒಂದೊಂದನ್ನು ಮೂರು ಮೂರು ದಿನ ಹಚ್ಚಿ ನೋಡತೊಡಗಿದೆ. ಹೊರದೇಶದ ಸುಗಂಧ ತಯಾರಕರು ನಮ್ಮ ಗಂಧವನ್ನು ಎಷ್ಟು ಪ್ರೀತಿಯಿಂದ ಬಳಸಿದ್ದಾರೆಂಬುದು ಆಗ ತಿಳಿಯಿತು. ಫ್ರಾನ್ಸಿನ ಗರ್ಲಾ ಸಂಸ್ಥೆಯ ‘ಸಂಸಾರ’ ಎಂಬ 1989ರ ಸುಗಂಧದ ಜೀವಾಳ ಗಂಧ ಮತ್ತು ಮಲ್ಲಿಗೆ. ನಮ್ಮ ಯಾವ ಮದುವೆಮನೆಯ ಬಾಗಿಲಲ್ಲಾದರೂ ತಟ್ಟೆಯಲ್ಲಿಟ್ಟು ಕೊಡುವ ಆ ಜೋಡಿಯನ್ನು ಪ್ಯಾರಿಸ್ಸಿನವರು ಬಾಟಲಿಗೆ ತುಂಬಿದ್ದನ್ನು ಮೂಸಿದಾಗ ನನಗೆ ನಿಜವಾಗಿ ಹೆಮ್ಮೆಯೆನಿಸಿತು. 2011ರಲ್ಲಿ ಬಂದು ಲೋಕಪ್ರಸಿದ್ಧವಾದ ‘ಸಾಂತಾಲ್ 33’ ಹೆಸರಿನಲ್ಲಿ ಗಂಧವನ್ನು ಹೊತ್ತಿದ್ದರೂ ಅದರಲ್ಲಿ ಸೀಡರ್, ಚರ್ಮ, ಏಲಕ್ಕಿಗಳ ಮಾತೇ ದೊಡ್ಡದು. ಅದು ಒಳ್ಳೆಯ ಸುಗಂಧವೇ, ಆದರೆ ನನ್ನ ಎಡಗೈಗೂ ಬಲಗೈಗೂ ನೆಂಟಸ್ತಿಕೆ ಕೂಡಲಿಲ್ಲ. ಅದರಲ್ಲಿ ಬಳಸಿರುವುದು ಆಸ್ಟ್ರೇಲಿಯಾದ ಗಂಧ. ಆ ದೇಶದ ಮೂಲನಿವಾಸಿಯಾದ ಸ್ಯಾಂಟಲಮ್ ಸ್ಪಿಕೇಟಮ್ ಜಾತಿಯಲ್ಲಿ ಸ್ಯಾಂಟಲಾಲ್ ಪ್ರಮಾಣ ಕಡಿಮೆ, ಪರಿಮಳ ಹೆಚ್ಚು ಒಣ, ಕೆನೆಯ ಗುಣ ಕಡಿಮೆ. ಅದೇ ಆಸ್ಟ್ರೇಲಿಯಾದಲ್ಲಿ ನಮ್ಮ ಜಾತಿಯ ಸ್ಯಾಂಟಲಮ್ ಆಲ್ಬಮ್ ಮರವನ್ನೂ ತೋಟವಾಗಿ ಬೆಳೆಸುತ್ತಾರೆ. ಆದ್ದರಿಂದ ಬಾಟಲಿಯ ಮೇಲೆ ದೇಶದ ಹೆಸರಿಗಿಂತ ಜಾತಿಯ ಹೆಸರನ್ನು ನೋಡಬೇಕು. ‘ವೆಸ್ಟ್ ಇಂಡಿಯನ್ ಸ್ಯಾಂಡಲ್‌ವುಡ್’ ಎಂದು ಬರೆದಿದ್ದರೆ ಅದು ಅಮೈರಿಸ್ ಎಂಬ ಬೇರೆಯೇ ಗಿಡದ ಎಣ್ಣೆ, ಗಂಧದ ಕುಲಕ್ಕೆ ಸೇರಿದ್ದಲ್ಲ.

ಇಂದು ಸ್ಪ್ರೇ ರೂಪದಲ್ಲಿ ಸಿಗುವ ಗಂಧದ ಸುಗಂಧಗಳಲ್ಲಿ ಬಹುಪಾಲು ಪರಿಮಳ ಮರದಿಂದ ಬಂದದ್ದಲ್ಲ. ಸ್ವಿಟ್ಜರ್ಲೆಂಡಿನ ಕಂಪನಿಗಳು ರೂಪಿಸಿದ ಜಾವನಾಲ್, ಎಬನಾಲ್, ಪಾಲಿಸ್ಯಾಂಟಾಲ್ ಮೊದಲಾದ ಕೃತಕ ಸಂಯುಕ್ತಗಳು ಆ ಕೆಲಸವನ್ನು ಮಾಡುತ್ತವೆ. ಕೃತಕವೆಂದ ಮಾತ್ರಕ್ಕೆ ನಾನು ಅವನ್ನು ಹೀಗಳೆಯುವುದಿಲ್ಲ. ಕಾಡಿನ ಗಂಧ ಅಳಿವಿನ ಅಂಚಿಗೆ ಸರಿದಿರುವ ಕಾಲದಲ್ಲಿ ಜಗತ್ತಿನ ಆಸೆಯನ್ನೆಲ್ಲ ಮರವೇ ಹೊರಬೇಕೆನ್ನುವುದು ನ್ಯಾಯವಲ್ಲ. ಆದರೆ ಇವುಗಳಲ್ಲಿ ಒಂದು ತೊಡಕಿದೆ. ಇಂಥ ಭಾರದ ಕಣಗಳಲ್ಲಿ ಕೆಲವು ಕೆಲವರ ಮೂಗಿಗೆ ತಿಳಿಯುವುದೇ ಇಲ್ಲ. ನಾನು ತಂದ ಒಂದು ಸ್ಯಾಂಪಲ್ ನಮ್ಮ ಯಜಮಾನರಿಗೆ ನೀರಿನಂತಿತ್ತು, ನನಗೆ ಅದೇ ಕೋಣೆಯ ತುಂಬ ಕಟುವಾಗಿತ್ತು. ಒಬ್ಬರ ಮೆಚ್ಚುಗೆಯನ್ನು ಓದಿ ಇನ್ನೊಬ್ಬರು ಕೊಳ್ಳಬಾರದೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ. ಬೇರೆಯವರಿಗಾಗಿ ಕೊಳ್ಳುವುದಿದ್ದರೆ ಅವರನ್ನು ಕರೆದುಕೊಂಡೇ ಹೋಗಬೇಕು.

ನಡುವೆ ಒಂದು ಜಾತ್ರೆಯಲ್ಲಿ ಅತ್ತರು ಮಾರುವವರೊಬ್ಬರಿಂದ ‘ಅಸಲಿ ಗಂಧದೆಣ್ಣೆ’ ಎಂದು ಒಂದು ಶೀಶೆ ಕೊಂಡೆ. ಕೈಗೆ ಹಚ್ಚಿದಾಗ ಚೆನ್ನಾಗಿಯೇ ಇತ್ತು, ಎರಡು ಗಂಟೆಯ ಮೇಲೆ ಕಮಟು ಎಣ್ಣೆಯಂಥ ಜಿಡ್ಡು ಉಳಿಯಿತು. ಗಂಧದೆಣ್ಣೆಗೆ ಒಂದು ಸರಳ ಪರೀಕ್ಷೆಯಿದೆ. ಶುದ್ಧ ಎಣ್ಣೆಯ ಒಂದು ಪಾಲು, ಶೇ 70ರ ಆಲ್ಕೊಹಾಲಿನ ಐದು ಪಾಲಿನಲ್ಲಿ, 20 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ತಿಳಿಯಾಗಿ ಕರಗಬೇಕು. ಹಾಸನದ ಡಿಸೆಂಬರಿನಲ್ಲಿ ಆ ತಾಪಮಾನಕ್ಕೆ ಯಾವ ಉಪಕರಣವೂ ಬೇಡ, ಬೆಳಗಿನ ಲ್ಯಾಬಿನ ಗಾಳಿಯೇ ಸಾಕು. ಜಾತ್ರೆಯ ಎಣ್ಣೆ ಪ್ರನಾಳದಲ್ಲಿ ಮಜ್ಜಿಗೆಯಂತೆ ಬೆಳ್ಳಗಾಗಿ, ಸ್ವಲ್ಪ ಹೊತ್ತಿಗೆ ಹನಿಹನಿಯಾಗಿ ಬೇರೆಯಾಯಿತು. ಅದರಲ್ಲಿ ಏನನ್ನು ಬೆರೆಸಿದ್ದರೋ ಹೇಳಲಾರೆ, ಬೆರಕೆಯಂತೂ ಹೌದು. ಹಳೆಯ ಪದ್ಧತಿಯ ಅತ್ತರಿನಲ್ಲಿ ಗುಲಾಬಿ, ಮಲ್ಲಿಗೆ, ಕೇದಗೆಗಳ ಪರಿಮಳವನ್ನು ಹಿಡಿದಿಡುವ ತಳಪಾಯವೇ ಗಂಧದೆಣ್ಣೆಯಾಗಿತ್ತು. ಅದರ ಬೆಲೆ ಏರಿದ ಮೇಲೆ ಆ ಜಾಗಕ್ಕೆ ಪ್ಯಾರಾಫಿನ್‌ನಂಥ ಅಗ್ಗದ ಎಣ್ಣೆಗಳು ಬಂದಿವೆ.

ಕಡೆಗೆ ನಾನು ನಿಂತದ್ದು ಸರ್ಕಾರಿ ಮಳಿಗೆಯಲ್ಲಿ ಕೊಂಡ, ಕಿರುಬೆರಳಿನಷ್ಟು ಪುಟ್ಟ ಶೀಶೆಯ ಮೈಸೂರು ಗಂಧದೆಣ್ಣೆಯ ಹತ್ತಿರ. ಈ ಎಣ್ಣೆಯ ಕಥೆ ಮೊದಲ ಮಹಾಯುದ್ಧದಿಂದ ಆರಂಭವಾಗುತ್ತದೆ. ಅದುವರೆಗೆ ನಮ್ಮ ಗಂಧದ ಕೊರಡುಗಳು ಹಡಗು ಹತ್ತಿ ಜರ್ಮನಿ ಮೊದಲಾದ ಕಡೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಎಣ್ಣೆ ಬಟ್ಟಿ ಇಳಿಸುವ ಕೆಲಸ ಆರಂಭವಾಯಿತು. ಚೇಗನ್ನೂ ಬೇರನ್ನೂ ಪುಡಿ ಮಾಡಿ, ಅದರೊಳಗೆ ಹಬೆ ಹಾಯಿಸಿ, ದಿನಗಟ್ಟಲೆ ಕಾದು ಈ ಎಣ್ಣೆಯನ್ನು ತೆಗೆಯುತ್ತಾರೆ. ಮೈಸೂರು ಗಂಧದೆಣ್ಣೆಗೆ 2005ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಒಳ್ಳೆಯ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ 16ರಿಂದ 24ರಷ್ಟು ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಪ್ರಮಾಣದಲ್ಲಿ ಆಲ್ಫಾ ಹೆಚ್ಚಾದರೂ ನಾವು ಗಂಧವೆಂದು ಗುರುತಿಸುವ ಪರಿಮಳ ಬಹುಪಾಲು ಬೀಟಾದ್ದು.

ಶೀಶೆಯ ಮುಚ್ಚಳ ತೆರೆದಾಗ ನನಗೆ ಆದದ್ದು ನಿರಾಶೆಯೇ. ಏನೂ ಹಾರಿ ಬರಲಿಲ್ಲ. ಮಣಿಕಟ್ಟಿಗೆ ಒಂದು ಹನಿ ಹಚ್ಚಿಕೊಂಡು ಮೊದಲ ಗಂಟೆಯಲ್ಲಿ ಮೂಸಿದರೆ ಹಸಿಯಾದ ಸೌದೆಯ, ತುಸು ಒಗರಾದ ವಾಸನೆ. ಎರಡನೆಯ ಗಂಟೆಯ ಪಾಠ ಮುಗಿಸಿ ಸೀಮೆಸುಣ್ಣದ ಕೈ ತೊಳೆದು ಬಂದಾಗ ಒಗರು ಇಳಿದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ, ಅಂದರೆ ನಾಲ್ಕು ಗಂಟೆ ಕಳೆದ ಮೇಲೆ, ಕೆನ್ನೆಗೆ ಕೈ ಊರಿ ಕುಳಿತಿದ್ದಾಗ, ನಾನು ಹುಡುಕದೆಯೇ ಆ ಕೆನೆಯ ಕಂಪು ಬಂತು. ಅಂದು ರಜೆಗೆ ಬಂದಿದ್ದ ಅತ್ತೆ ಸಂಜೆ ನನ್ನ ಕೈಯನ್ನು ಎಳೆದುಕೊಂಡು ಬಹಳ ಹೊತ್ತು ಮೂಸಿ, ‘ಕಲ್ಲಿನ ತಂಪು ಇಲ್ಲ ಕಣೇ, ಮರ ಮಾತ್ರ ಅದೇ’ ಎಂದರು. ಒಂದು ವರ್ಷದಲ್ಲಿ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನಿಖರವಾಗಿರಲಿಲ್ಲ. ಕಲ್ಲಿನ ತಂಪು ನೀರಿನದು. ಅದನ್ನು ಎಣ್ಣೆಯಿಂದ ಕೇಳಬಾರದು.

ಹಚ್ಚಿಕೊಳ್ಳುವುದರ ಬಗ್ಗೆ ಈಗ ನನಗೆ ಕೆಲವು ಅಭ್ಯಾಸಗಳು ಕೂಡಿಬಂದಿವೆ. ಸ್ನಾನವಾಗಿ ಮೈ ಇನ್ನೂ ಸ್ವಲ್ಪ ಒದ್ದೆಯಾಗಿರುವಾಗಲೇ ಹಚ್ಚಿಕೊಳ್ಳುತ್ತೇನೆ; ಒಣಗಿ ಬಿರಿದ ಚರ್ಮದ ಮೇಲೆ ಯಾವ ಸುಗಂಧವೂ ಹೆಚ್ಚು ಕಾಲ ನಿಲ್ಲುವುದಿಲ್ಲ. ಗಾಜಿನ ಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟನ್ನೇ ತೆಗೆದುಕೊಂಡು ಮೊದಲು ಒಂದು ಮಣಿಕಟ್ಟಿಗೆ, ಉಳಿದದ್ದನ್ನು ಕಿವಿಯ ಹಿಂದೆ. ಚರ್ಮ ನಾಜೂಕಾದವರು ನೇರವಾಗಿ ಎಣ್ಣೆ ಹಚ್ಚುವ ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ, ಮೊಣಕೈಯ ಒಳಭಾಗದಲ್ಲಿ ಒಂದು ದಿನ ಪರೀಕ್ಷಿಸಿ ನೋಡಲಿ. ರೇಷ್ಮೆ ಸೀರೆಗೆ ಎಣ್ಣೆಯೂ ಕೂಡದು, ಸ್ಪ್ರೇಯೂ ಕೂಡದು, ಕಲೆ ನಿಲ್ಲುತ್ತದೆ. ಉಣ್ಣೆಯ ಮಾತು ಬೇರೆ. ನಮ್ಮೂರಿನ ನವೆಂಬರ್, ಡಿಸೆಂಬರ್ ತಿಂಗಳ ಬೆಳಗಿನ ಮಂಜಿನಲ್ಲಿ ಹಾಕಿಕೊಳ್ಳುವ ಸ್ವೆಟರಿನ ಕೊರಳಪಟ್ಟಿಯ ಒಳಗೆ ಹತ್ತಿದ ಗಂಧ ಮೂರು ದಿನವಾದರೂ ಹೋಗುವುದಿಲ್ಲ, ಹಾಕಿಕೊಂಡಾಗಲೆಲ್ಲ ಮೈಯ ಬಿಸಿಗೆ ಮತ್ತೆ ಎಚ್ಚರಗೊಳ್ಳುತ್ತದೆ.

ಬಹಳ ಜನ ಮಾಡುವ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ಅರ್ಧ ಗಂಟೆಯಾದ ಮೇಲೆ ನಮ್ಮ ಪರಿಮಳ ನಮಗೆ ತಿಳಿಯದಂತಾಗುತ್ತದೆ, ಏಕೆಂದರೆ ಮೂಗು ಅದಕ್ಕೆ ಒಗ್ಗಿಕೊಂಡಿರುತ್ತದೆ. ಆಗ ಹಾರಿಹೋಯಿತೆಂದು ತಿಳಿದು ಮತ್ತೆ ಹಚ್ಚಿಕೊಂಡರೆ ಪಕ್ಕದವರ ತಲೆ ನೋಯುತ್ತದೆ. ಗಂಧದ ವಿಷಯದಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಅದು ಮೊದಲೇ ಮೆಲ್ಲನೆಯ ಪರಿಮಳ. ತರಗತಿಯ ಕಡೆಯ ಬೆಂಚಿನವರೆಗೂ ಮುಟ್ಟಬೇಕೆನ್ನುವವರು ಗಂಧವನ್ನು ಆರಿಸಿಕೊಳ್ಳಬಾರದು, ಅದಕ್ಕೆ ಬೇರೆ ಸುಗಂಧಗಳಿವೆ. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದಾಗ ಈ ಗುಣವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಕಂಡೆ. ಹಾಲು, ಅರಿಶಿನ, ಕಷಾಯಗಳ ಜೊತೆಗೆ ಗಂಧವನ್ನೂ ಕೊಡಗಟ್ಟಲೆ ಎರೆದಾಗ ಬಾಹುಬಲಿಯ ಮೈಯೆಲ್ಲ ಬಣ್ಣಕ್ಕೆ ತಿರುಗಿತು, ಜನ ಜಯಕಾರ ಹಾಕಿದರು. ಅಷ್ಟು ಗಂಧ ಸುರಿದರೂ ದೂರದಲ್ಲಿ ನಿಂತ ನಮಗೆ ಅದರ ಕಂಪು ಗಾಳಿ ತಿರುಗಿದಾಗ ಒಂದು ಕ್ಷಣ ಮಾತ್ರ ಬಂತು. ಪಾದದ ಬಳಿ ಇದ್ದವರಿಗೆ ಅದು ದಿನವೆಲ್ಲ ಇದ್ದಿರಬೇಕು.

ಋತುವಿಗೆ ತಕ್ಕಂತೆ ನಾನು ಮಾಡಿಕೊಂಡ ಬದಲಾವಣೆ ಒಂದೇ. ಏಪ್ರಿಲ್ ಬಿಸಿಲಿಗೆ ಎಣ್ಣೆ ಬೇಗ ಕಾದು ಹೆಚ್ಚು ಹರಡುವುದರಿಂದ ಅರ್ಧ ಹನಿ ಸಾಕು. ಆ ಕಾಲದಲ್ಲಿ ಕೆಲವು ದಿನ ಲಾವಂಚದ ಹಗುರ ಸ್ಪ್ರೇ ಒಂದನ್ನು ಬಟ್ಟೆಗೆ ಹಾಕಿಕೊಂಡು ಅದರ ಕೆಳಗೆ ಗಂಧವನ್ನು ಇರಿಸುವುದೂ ಉಂಟು. ಎರಡೂ ನೆಲದ ಪರಿಮಳಗಳಾದ್ದರಿಂದ ಚೆನ್ನಾಗಿ ಹೊಂದುತ್ತವೆ. ಮುಡಿದ ಮಲ್ಲಿಗೆಯೊಂದಿಗೆ ಗಂಧ ಹೊಂದುವುದನ್ನು ನಾನು ಹೇಳಬೇಕಾಗಿಲ್ಲ. ಆದರೆ ಹೂಮಳೆ ಬಿದ್ದು ಕಾಫಿ ಅರಳಿದ ನಾಲ್ಕಾರು ದಿನ ಚಿಕ್ಕಮಗಳೂರಿನ ತಂಗಿಯ ಮನೆಗೆ ಹೋಗುವುದಾದರೆ ಮಾತ್ರ ನಾನು ಯಾವ ಸುಗಂಧವನ್ನೂ ಹಚ್ಚಿಕೊಳ್ಳುವುದಿಲ್ಲ. ತೋಟದ ತುಂಬ ಆ ಬಿಳಿ ಹೂವಿನ ಪರಿಮಳ ನಿಂತಿರುವಾಗ ನಮ್ಮದೊಂದು ಹನಿಯನ್ನು ಅದಕ್ಕೆ ಸೇರಿಸುವುದು ನನಗೆ ಸರಿಯೆನಿಸುವುದಿಲ್ಲ.

ಶೀಶೆಯನ್ನು ಬೆಳಕು ತಾಗದಂತೆ ಬೀರುವಿನ ಒಳಗೆ, ಕೊರಡಿನ ಪಕ್ಕದಲ್ಲಿ ಇಟ್ಟಿದ್ದೇನೆ. ಗಂಧದೆಣ್ಣೆ ಕೆಡದೆ ವರ್ಷಗಟ್ಟಲೆ ಇರುತ್ತದೆ. ಕೊರಡನ್ನು ಈಗ ಹಬ್ಬದ ದಿನಗಳಲ್ಲಿ ಮಾತ್ರ ತೇಯುತ್ತೇನೆ. ಶೀಶೆಗೆ ಕೊಂಡ ದಿನವೇ ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದೆ. ಎಂಟು ತಿಂಗಳಾಯಿತು, ಎಣ್ಣೆ ಇನ್ನೂ ಅದರ ಅರ್ಧಕ್ಕಿಂತ ಮೇಲೆಯೇ ಇದೆ.